ನಾಲ್ಕು ಬೆರಳು ದಪ್ಪ

ಏಪ್ರಿಲ್ ಮೊದಲ ವಾರ.
ಯಿಹ್ಲಾವಾದ ಹಲ್ಲಿನ ಆಸ್ಪತ್ರೆಯ ಮುಂದೆ
ಲಾರಿ ಬೆನ್ನೆತ್ತಿ ಸುರಿದು ಹೋಯಿತು
ಒಂಬತ್ತು ಘನಮೀಟರ್ ತೊಗಟೆ.
ಹಬೆಯಾಡುತ್ತಿತ್ತು ರಾಶಿ.
ಕೈ ತೂರಿಸಿದರೆ ಮೊಣಕೈವರೆಗೆ
ಆಗಷ್ಟೇ ಯಾರೋ ಎದ್ದುಹೋದ
ಹಾಸಿಗೆಯ ಬಿಸುಪು.

ದಿನಗೂಲಿಗೆ ಬಂದವನು ಬೊಹುಮೀರ್,
ನಿವೃತ್ತ ಅರಣ್ಯಪಾಲಕ, ಅರವತ್ತೆಂಟು,
ನನ್ನ ತಳ್ಳುಗಾಡಿಗಿಂತ ಹಳೆಯ ಬೂಟು.
ಸಲಿಕೆ ಹಿಡಿಯುವ ಮೊದಲು ಒಂದು ಹಿಡಿ ಎತ್ತಿ ಮೂಸಿದ,
ಸಾರಿನ ಉಪ್ಪು ನೋಡುವವರ ಹಾಗೆ.
"ಸ್ಪ್ರೂಸು," ಅಂದ. "ನಮ್ಮ ಗುಡ್ಡದ್ದೇ."

ನಾನೇನೂ ಕೇಳಲಿಲ್ಲ.
ಇಡೀ ವಿಸೊಚಿನಾಕ್ಕೆ ಗೊತ್ತಿರುವ ಕತೆ:
ಅಕ್ಕಿಕಾಳಿನಷ್ಟೂ ಇಲ್ಲದ ಕರಿಹುಳ,
ಒಂದರ ಹಿಂದೊಂದು ಮೂರು ಬಿರುಬೇಸಿಗೆ,
ಬಾಯಾರಿ ಬಾಯಾರಿ ಅಂಟು ಬತ್ತಿದ ಮರ.
ಗುಡ್ಡ ನುಂಗಿದ್ದಕ್ಕೆ ಮರ ಹಪ್ಪಳ.
ಅವನು ಇಪ್ಪತ್ತರ ಹರೆಯದಲ್ಲಿ
ಹಗ್ಗ ಹಿಡಿದು ಸಾಲಾಗಿ ನೆಟ್ಟದ್ದು
ಐವತ್ತು ತುಂಬುವ ಮೊದಲೇ ಬೋಳು.
ದಿಮ್ಮಿ ರೈಲು ಹತ್ತಿತು, ಸಿಪ್ಪೆ ಇಲ್ಲೇ ಉಳಿಯಿತು.
ಸಿಪ್ಪೆ ಈಗ ನನ್ನ ಹೊಟ್ಟೆಪಾಡು.

ಹೇಳಿಕೊಟ್ಟೆ:
ಮೊದಲು ಕಳೆ ಕೀಳು, ಬೇರುಸಹಿತ.
ನೀರುಣಿಸು; ಒಣಮಣ್ಣಿಗೆ ಹೊದಿಸಿದರೆ
ಬರಗಾಲವನ್ನೇ ಬೆಚ್ಚಗಿಟ್ಟ ಹಾಗೆ.
ಆಮೇಲೆ ಹರಡು, ನಾಲ್ಕು ಬೆರಳು ದಪ್ಪ.
ಎರಡಾದರೆ ಕಳೆ ನಗುತ್ತದೆ,
ಎಂಟಾದರೆ ಬೇರಿಗೆ ಉಸಿರಿಲ್ಲ.
ಮಣ್ಣಿನಲ್ಲಿ ಕಲಸಬೇಡ, ಮೇಲಿರಲಿ,
ಕಲಸಿದರೆ ಗಿಡದ ಅನ್ನ ಇದೇ ಉಣ್ಣುತ್ತದೆ.

ತಲೆಯಾಡಿಸಿದ.
ಆದರೆ ಸೇಬಿನ ಸಸಿಯ ಬುಡಕ್ಕೆ
ಚೆಂದಕ್ಕೆಂದು ನಾನು ದಿಬ್ಬ ಕಟ್ಟುವಾಗ
ಮಂಡಿಯೂರಿ ಎರಡೂ ಕೈಯಲ್ಲಿ ಕೆದಕಿ ತೆಗೆದ.
"ಕುತ್ತಿಗೆಗೆ ಸುತ್ತುತ್ತಾರೇನಮ್ಮ
ಒದ್ದೆ ಕಂಬಳಿ, ವರ್ಷವಿಡೀ?"
ಹದಿನೇಳು ವರ್ಷದ ಕಸುಬು ನನ್ನದು.
ಕಿವಿ ಬಿಸಿಯಾಯಿತು.
ಬುಡದ ಸುತ್ತ ಒಂದು ಗೇಣು ಬರಿಮಣ್ಣು ಬಿಟ್ಟೆ.
ಈಗಲೂ ಬಿಡುತ್ತೇನೆ.

ಊಟದ ಹೊತ್ತಿಗೆ, ರೈ ಬ್ರೆಡ್ಡು, ಹುಳಿಸೌತೆ.
ರಾಶಿಯಿಂದ ಅಂಗೈಯಗಲದ ಚಕ್ಕೆ ಎತ್ತಿ
ಒಳಮೈ ತಿರುಗಿಸಿ ತೋರಿಸಿದ:
ನಡುವೆ ನೆಟ್ಟಗೆ ಒಂದು ಗೆರೆ,
ಅದರಿಂದ ಅತ್ತಿತ್ತ ಹತ್ತಾರು ಗೆರೆ,
ಹೋಗುತ್ತ ಹೋಗುತ್ತ ಅಗಲ.
"ಇದು ತಾಯಿ ನಡೆದದ್ದು. ಇವು ಮಕ್ಕಳು ತಿಂದದ್ದು.
ಇಲ್ಲಿ ನಿಂತಿದೆ ನೋಡು, ಇದು ಮರಕುಟಿಗ."
ಲ್ಯಾಟಿನ್ನಿನಲ್ಲಿ ಆ ಹುಳದ ಹೆಸರು
ಅಚ್ಚುಗಾರ ಅಂತಂತೆ.
ನಾನು ಓದಲು ನೋಡಿದೆ, ಬರಲಿಲ್ಲ.
ಅವನು ಓದಿದ, ಏನೆಂದು ಹೇಳಲಿಲ್ಲ.
ಜೇಬಿಗೂ ಹಾಕಿಕೊಳ್ಳಲಿಲ್ಲ.
ರೊಡೊಡೆಂಡ್ರನ್ ಪಾತಿಗೆ ಇಟ್ಟ, ಬರೆದ ಮೈ ಕೆಳಗೆ.
ಮಣ್ಣು ಓದಿಕೊಳ್ಳಲಿ ಎಂದೇ? ಇರಲಾರದು.
ಸಲಿಕೆಯ ಬೆನ್ನಿಂದ ಎರಡು ತಟ್ಟಿದ, ಅಷ್ಟೆ.

ಮರುವರ್ಷ ಮೇ.
ಹೊದಿಕೆ ಕುಸಿದು ಎರಡೇ ಬೆರಳು.
ಅಡಿಯಲ್ಲಿ ಅಣಬೆ ನೇಯ್ದ ಬಿಳಿನೂಲು, ಎರೆಹುಳು,
ಹಲ್ಲುನೋವಿನವರ ಸಿಗರೇಟು ತುಂಡು,
ಮತ್ತೆ ಅರ್ಧ ಬೆಂಕಿಕಡ್ಡಿಯಷ್ಟು
ಒಂದು ಸ್ಪ್ರೂಸ್ ಮೊಳಕೆ,
ಬೀಜದ ಟೋಪಿ ಇನ್ನೂ ತಲೆಯ ಮೇಲೆ.
ಕೀಳಬೇಕು. ಕೀಳುವುದಕ್ಕೇ ನನಗೆ ಸಂಬಳ.

ಮೊಸರಿನ ಡಬ್ಬಿಯಲ್ಲಿ ಮಣ್ಣುಸಹಿತ ಒಯ್ದೆ.
ಬೊಹುಮೀರ್ ಗೇಟಿನಲ್ಲೇ ನಿಂತು ನೋಡಿದ.
"ಎಸೆ. ಇದಕ್ಕೆ ನೀರು ಸಾಲುವ ಕಾಲ ಹೋಯಿತು.
ಈಗ ಬೀಚ್ ನೆಡುತ್ತಿದ್ದೇವೆ, ಓಕ್ ಕೂಡ.
ಬುಧವಾರ ನನ್ನ ಪಾಳಿ."
ಸ್ವಲ್ಪ ಹೊತ್ತು ಬಿಟ್ಟು:
"ಡಬ್ಬಿ ಕೊಡು ಇಲ್ಲಿ."
ಕೊಟ್ಟೆ. ಆಮೇಲೆ ಏನಾಯಿತೆಂದು ಕೇಳಿಲ್ಲ.

ಇವತ್ತು ಮತ್ತೆ ಲಾರಿ. ಆರು ಘನಮೀಟರ್ ಸಾಕು.
ಹಳದಿ ಕೊಕ್ಕಿನ ಕರಿಹಕ್ಕಿಯೊಂದು
ಹುಳು ಹುಡುಕುತ್ತ ಚಕ್ಕೆ ಚಕ್ಕೆಯನ್ನೇ ಹಿಂದಕ್ಕೆಸೆದು
ಕಾಲುದಾರಿ ತುಂಬಿಸಿದೆ; ಡಾಕ್ಟರ ದೂರು ಬಂದಿದೆ.
ಗುಡಿಸಿ ಪಾತಿಗೆ ಮರಳಿಸುತ್ತಿದ್ದೇನೆ.
ಬೇಲಿಯ ಮೇಲೆ ಕೂತು ಕಾಯುತ್ತಿದೆ ಅದು,
ನಾನು ಯಾವಾಗ ಹೋಗುತ್ತೇನೆಂದು.